ಅತ್ತ ಮಾತಿನ ಉದ್ಧರಣೆ

ಪಿಯುಸಿ ಮಕ್ಕಳ ಪ್ರಬಂಧ ತಿದ್ದುವುದೆಂದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಗೈಡಿನಲ್ಲಿರುವ ಅವೇ ಮಹಾಪುರುಷರ ನುಡಿಗಳನ್ನು ಮಂಟಪಕ್ಕೆ ಪ್ಲಾಸ್ಟಿಕ್ ಹೂ ಚುಚ್ಚಿದ ಹಾಗೆ ಎಲ್ಲೆಂದರಲ್ಲಿ ಚುಚ್ಚಿರುತ್ತಾರೆ. ಚಿಕ್ಕೋಡಿಯ ಕಾಲೇಜಿನಲ್ಲಿ ನಾನು ಬೈದದ್ದೇ ಬೈದದ್ದು: "ಬಾಯಿಪಾಠದ ಮಾತು ಸುಡ್ಲಿ! ನೀವು ಕಿವಿಯಾರೆ ಕೇಳಿದ್ದು ತರ್ರಿ. ತಂದು ಸುಮ್ನ ಬಿಡಬ್ಯಾಡ್ರಿ, ಅದರ ಹೊಟ್ಟ್ಯಾಗ ಏನೈತಿ ಬಿಡಿಸಿ ಹೇಳ್ರಿ."

ಕಬ್ಬೂರಿನಿಂದ ಬರುತ್ತಿದ್ದ ಒಬ್ಬ ಹುಡುಗಿ ಇದನ್ನು ಮನಸ್ಸಿಗೆ ಹಚ್ಚಿಕೊಂಡಳು. ತಾಯಿ ಇಲ್ಲ, ಅಪ್ಪ ಮತ್ತು ಅಪ್ಪನ ತಾಯಿ, ಇಬ್ಬರೇ. ಮುಂದೆ ಬಿ.ಎ. ಓದಿಸಲು ಅಪ್ಪ ಒಪ್ಪಿದ್ದ. ಅವಳ ಜೀವವೆಲ್ಲ ಅದರ ಮೇಲೆಯೇ ಇತ್ತು.

ನಮ್ಮ ಕಡೆ ಹೆಣದ ಮುಂದೆ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸತ್ತವಳ ಗುಣ, ಪಟ್ಟ ಪಾಡು, ಬದುಕಿದ್ದಾಗ ಯಾರೂ ಆಡದ ಮಾತು, ಎಲ್ಲ ರಾಗದಲ್ಲಿ ಹೊರಬೀಳುತ್ತದೆ. ಗಂಡಸರು ಕಟ್ಟೆಯ ಮೇಲೆ ತಲೆತಗ್ಗಿಸಿ ಕೇಳುತ್ತಾರೆ. ಮಣ್ಣಾದ ಮೇಲೆ ಆ ಮಾತನ್ನು ಯಾರೂ ಮತ್ತೆ ಎತ್ತುವುದಿಲ್ಲ.

ಸೊಸೆ ಸತ್ತಾಗ ಅಜ್ಜಿ ಹಾಗೆ ಅತ್ತ ಸಾಲನ್ನೇ ಹುಡುಗಿ ಸ್ಪರ್ಧೆಯ ಪ್ರಬಂಧದಲ್ಲಿ ಉದ್ಧರಿಸಿದ್ದಳು: "ಎಮ್ಮಿಗಿ ಜ್ವರಾ ಬಂದ್ರ ಡಾಕ್ಟರ್ ಬಂದಾ ನನ್ನವ್ವಾ, ನಿನಗ ಬಂದ್ರ ಬೆಳಗಾಗ್ಲಿ ಅಂದ್ರು." ಕೆಳಗೆ ಬಿಡಿಸಿ ಬರೆದಿದ್ದಳು: ಬೆಳಗು ಇಲ್ಲಿ ರೂಪಕ. ನಮ್ಮವ್ವನಿಗೆ ಆ ಬೆಳಗು ಬರಲಿಲ್ಲ. ಬೆಳಗಾಗಲಿ ಎಂದವರು ನಮ್ಮ ತಂದೆ.

ಎರಡೆರಡು ಸಲ ಓದಿದೆ. ವರ್ಷಗಟ್ಟಲೆ ಕಾದಿದ್ದು ಇಂಥದ್ದಕ್ಕೇ! ಮೊದಲ ಬಹುಮಾನ ಕೊಟ್ಟೆ. ಬಹುಮಾನದ ಪ್ರಬಂಧವನ್ನು ಕಾಲೇಜಿನ ಗ್ಯಾದರಿಂಗಿನಲ್ಲಿ ಎಲ್ಲರ ಮುಂದೆ ಓದಿಸುವುದು ನಮ್ಮ ರೂಢಿ.

"ಅಪ್ಪಾನೂ ಬರ್ತಾನ್ರಿ. ಓದಲೇನ್ರಿ?" ಎಂದಳು.

"ಓದವಾ, ಖರೇ ಹೇಳಾಕ ಅಂಜೂದ್ಯಾಕ?"

ಓದಿದಳು. 'ಎಂದವರು ನಮ್ಮ ತಂದೆ' ಎಂಬ ಸಾಲು ಮುಗಿಯುತ್ತಲೇ ಮುಂದೆ ಕೂತಿದ್ದ ಅಪ್ಪ ಎದ್ದು, ಹೆಗಲ ಟವೆಲ್ಲು ಸರಿಮಾಡಿಕೊಂಡು ಹೊರಟುಹೋದ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮರುದಿನದಿಂದ ಹುಡುಗಿ ಕಾಲೇಜಿಗೆ ಬರಲಿಲ್ಲ. ನಾನೇ ಕಬ್ಬೂರಿಗೆ ಹೋದೆ.

"ಸಾಲಿ ಸಾಕ್ರಿ ಅಕ್ಕೋರ," ಅಪ್ಪ ನೆಲ ನೋಡುತ್ತ ಹೇಳಿದ. "ಅವರವ್ವನ ಹೆಣಾ ಒಯ್ದು ಸ್ಟೇಜ್ ಮ್ಯಾಲ ಇಟ್ಲು."

"ಇದ್ದದ್ದು ಹೇಳಿದ್ರ ಎದ್ದು ಬಂದು ಎದಿಗೆ ಒದ್ದರಂತ! ಆಕಿ ಸುಳ್ಳು ಬರದಾಳೇನ್ರಿ?" ನನಗೆ ಸಿಟ್ಟು ತಡೆಯಲಾಗಲಿಲ್ಲ.

ಮೂಲೆಯಲ್ಲಿದ್ದ ಅಜ್ಜಿ ಉತ್ತರ ಕೊಟ್ಟಳು: "ಸುಳ್ಳಲ್ಲರಿ ಯವ್ವಾ. ಅತ್ತದ್ದನ್ನ ಯಾರೂ ತಿರುಗಿ ಕೇಳೂದಿಲ್ಲ. ಅದಕ್ಕ ನಾವು ಹೆಣ್ಮಕ್ಳು ಹೆಣದ ಮುಂದ ಅಷ್ಟರ ಅಂತಿದ್ವಿ. ಇನ್ನ ಅದೂ ಹೋತು."

ಹುಡುಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳನ್ನು ಮಾತಾಡಿಸಲೂ ಬಿಡಲಿಲ್ಲ. ಆ ಬೇಸಿಗೆಯಲ್ಲೇ ಐನಾಪುರಕ್ಕೆ ಮದುವೆ ಮಾಡಿಕೊಟ್ಟರು.

ಹೋದ ವರ್ಷ ಅಜ್ಜಿ ತೀರಿಕೊಂಡಳೆಂದು ಕೇಳಿ ಮಣ್ಣಿಗೆ ಹೋದೆ. ಅಂಗಳದಲ್ಲಿ ಹೆಣ ಕೂರಿಸಿದ್ದರು. ಸುತ್ತ ಕೂತ ಹೆಂಗಸರು ಬರೀ ಬಿಕ್ಕುತ್ತಿದ್ದರು. ಹುಡುಗಿ ಬಂದದ್ದೇ ಜಾಗ ಬಿಟ್ಟುಕೊಟ್ಟರು. "ಮಮ್ಮಗಳು ಬಂದ್ಲು. ಹಾಡ್ಯಾಡಿ ಅಳವಾ, ನಿಮ್ಮಜ್ಜಿ ಭಾಳ ಕಷ್ಟಾ ಸೋಸ್ಯಾಳ," ಎಂದಳು ನೆರೆಮನೆಯವಳು.

ಹುಡುಗಿ ಅಜ್ಜಿಯ ಕಾಲು ಹಿಡಿದು ಬಾಯಿ ತೆರೆದಳು. ಕಟ್ಟೆಯ ಮೇಲೆ ಗಂಡಸರೆಲ್ಲ ತಲೆತಗ್ಗಿಸಿದರು. ಅವಳ ಅಪ್ಪ ಒಬ್ಬನೇ ತಲೆಯೆತ್ತಿ ಅವಳನ್ನೇ ನೋಡಿದ.

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಷ್ಟು ಹಾಡಿ ಅತ್ತಿದ್ದ ಮುದುಕಿ ಒಂದು ಮಾತೂ ಇಲ್ಲದೆ ಮಣ್ಣಿಗೆ ಹೋದಳು.