ಹುಚ್ಚಾಸ್ಪತ್ರೆ ಗೋಡೆಯ ಹೆಸರು

ಕಿವಿ ಇತ್ತ ಕೊಡಿ, ಯಾರ ಮುಂದೂ ಬಾಯಿ ಬಿಡಬೇಡಿ. ಬಾಣಂತಿ ಸನ್ನಿ ಹಿಡಿದಾಗ ನಮ್ಮವ್ವ ಆರು ತಿಂಗಳು ಹೆಬ್ಬಾಳದಾಚೆಯ ಹುಚ್ಚಾಸ್ಪತ್ರೆಯಲ್ಲಿದ್ದಳು. ತವರಿಗೆ ಹೋಗವ್ಳೆ ಅಂತ ಊರಿಗೆ ಹೇಳಿದ್ದೆವು. ಆಸ್ಪತ್ರೆ ಪಾಳುಬಿದ್ದರೂ, ಮಂಚಗಳಿದ್ದ ಕಡೆ ಗೋಡೆ ಮೇಲೆ ಟಾರಿನಲ್ಲಿ ಬರೆದ ಹೆಸರುಗಳು ಹಾಗೇ ಇದ್ದವಂತೆ. ನನ್ನ ಮಗಳನ್ನು ನೋಡಲು ಯಲಹಂಕದವರು ಬರುವ ಹಿಂದಿನ ದಿನ, ಅವ್ವನ ಹೆಸರು ಕೆರೆಯಲು ಕುಡುಗೋಲು ಹಿಡಿದು ನುಗ್ಗಿದೆ. ಅಕ್ಷರ ಕೂಡಿಸಿಕೊಂಡು ಓದುತ್ತಾ ಹೋದರೆ, ಅಯ್ಯೋ, ನಮ್ಮ ಪಟೇಲರ ತಂಗಿ ಹೆಸರು! ಯಾರಿಗಾದರೂ ಹೇಳಲು ನಾಲಿಗೆ ತುರಿಸಿತು. ಆದರೆ ಅವ್ವ ಹೇಳಿದ್ದ ಕಿಟಕಿ ಪಕ್ಕದಲ್ಲಿ ಬರೀ ಗಾರೆ ಕೆರೆದ ಗುರುತು. ಹೋದ ಜೀವ ಬಂತು.

ಹೊರಗೆ ಮೇಕೆ ಮೇಯಿಸುತ್ತಿದ್ದ ಪಕ್ಕದ ಮನೆ ರಂಗಮ್ಮ ಕಿಟಕಿಯಲ್ಲಿ ಇಣುಕಿ, ಮುಖದ ಮೇಲೇ ಅಂದಳು:

“ಹೋದ್ ವರ್ಸಾನೇ ನಿಮ್ಮವ್ವನ ಹೆಸ್ರು ನಾನ್ ಕೆರೆದಾಕ್ದೆ ಕಣೆ. ನಮ್ಮವ್ವನ ಹೆಸ್ರಾಗಿದ್ರೆ, ನೀನು ಊರಿಗೆಲ್ಲಾ ಓದಿ ಹೇಳ್ತಿದ್ದೆ.”