ಎಡಗೈ ಎತ್ತಿದ ಇಪ್ಪತ್ತೊಂಬತ್ತು ಜನ

ಮಲ್ಲವಿ ಎಂಬ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮಿಸ್ ಇನ್‌ಶಿರಾಹಳ ಪಾಠ ನಡೆಯುತ್ತಿದ್ದರೆ ಕಾಲುವೆಯಾಚೆ ಕತ್ತೆಗಾಡಿ ಹೊಡೆಯುವವನಿಗೂ ಗೊತ್ತಾಗುತ್ತಿತ್ತು. ಐವತ್ತೆರಡು ಹುಡುಗಿಯರು ಒಟ್ಟಿಗೆ "ಗೋ, ವೆಂಟ್, ಗಾನ್, ಸೀ, ಸಾ, ಸೀನ್" ಎಂದು ಕೂಗುವಾಗ ಕಿಟಕಿಯ ಗಾಜು ನಡುಗುತ್ತಿತ್ತು. ಮೂವತ್ತೊಂದು ವರ್ಷದಿಂದ ಅದೇ ರಾಗ. ಹಲಗೆಯ ಒಂದು ಕಡೆ ಹೊಸ ಪದಗಳು, ಇನ್ನೊಂದು ಕಡೆ ಅರಬಿಯಲ್ಲಿ ಅರ್ಥ, ನಡುವೆ ವ್ಯಾಕರಣದ ಕೋಷ್ಟಕ, ಅದರ ಸುತ್ತ ಕೆಂಪು ಸೀಮೆಸುಣ್ಣದ ಗೆರೆ. ಆಕೆ ಒಂದು ಸಲ ಹೇಳಬೇಕು, ಮಕ್ಕಳು ಮೂರು ಸಲ ಹೇಳಬೇಕು. ಕೂಗದೆ ಯಾರಿಗಾದರೂ ಇಂಗ್ಲಿಷು ಬಂದದ್ದುಂಟೇ ಎಂಬುದು ಆಕೆಯ ವಾದ.

ಹೆಂಗಸು ಸ್ವಲ್ಪ ಗಟ್ಟಿ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ, ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ತರಗತಿಯೊಂದು ಇಲ್ಲದಿದ್ದರೆ ಬೆಳಿಗ್ಗೆ ಯಾಕೆ ಏಳಬೇಕು ಅನ್ನುವುದೇ ಆಕೆಗೆ ತಿಳಿಯುತ್ತಿರಲಿಲ್ಲ. ಇನ್ನೊಂದು ಹೆಮ್ಮೆಯೂ ಇತ್ತು: ಎಡಗೈ ವಿದ್ಯೆಯನ್ನು ಆಕೆ ಒಂದು ದಿನವೂ ಮಾಡಿದವಳಲ್ಲ. ನಮ್ಮ ಸೀಮೆಯ ಮೇಷ್ಟ್ರುಗಳಿಗೆ ಆ ವಿದ್ಯೆ ಹಾಲು ಕುಡಿದಷ್ಟು ಸುಲಭ. ಇನ್ಸ್‌ಪೆಕ್ಟರು ಬಂದಾಗ ಏನು ಕೇಳಿದರೂ ಇಡೀ ತರಗತಿ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಮೇಷ್ಟ್ರು ಬಲಗೈಯವರನ್ನು ಮಾತ್ರ ಎಬ್ಬಿಸುತ್ತಾರೆ, ನೋಡುವವರಿಗೆ ಕ್ಲಾಸಿನ ತುಂಬ ಪಂಡಿತರು. ಇದು ಕಣ್ಣಿಗೆ ಮಣ್ಣೆರಚುವ ಕೆಲಸ ಎಂದು ಇನ್‌ಶಿರಾಹ್ ಸ್ಟಾಫ್ ರೂಮಿನಲ್ಲಿ ಮುಖದ ಮೇಲೇ ಹೇಳಿ ಅರ್ಧ ಶಾಲೆಯೊಡನೆ ಮಾತು ಬಿಟ್ಟಿದ್ದಳು.

ಆ ವರ್ಷ ರಮ್ಜಿ ಎಂಬ ಹೊಸ ಇನ್ಸ್‌ಪೆಕ್ಟರು ಬಂದರು. ಚಿಕ್ಕ ವಯಸ್ಸು, ಟೀ ಕೊಟ್ಟರೆ ಮುಟ್ಟುವುದಿಲ್ಲ, ಕೈಯಲ್ಲಿ ಅಚ್ಚು ಹಾಕಿದ ವರದಿ ನಮೂನೆ. ಪಕ್ಕದೂರಿನಲ್ಲಿ ವರದಿ ಸರಿಯಿಲ್ಲವೆಂದು ಇಬ್ಬರು ಹಿರಿಯ ಮೇಡಮ್ಮುಗಳನ್ನು ತರಗತಿ ಬಿಡಿಸಿ ಗ್ರಂಥಾಲಯಕ್ಕೆ ಹಾಕಿಸಿದ್ದರು. ನಮ್ಮ ಶಾಲೆಯ ಗ್ರಂಥಾಲಯವೆಂದರೆ ಮೂರು ಬೀರು, ಒಂದು ಕುರ್ಚಿ, ಬೇಕಾದಷ್ಟು ಧೂಳು. ಹೆಡ್‌ಮಿಸ್ ಹಜ್ಜಾ ತಹಾನಿ ಇನ್‌ಶಿರಾಹಳನ್ನು ಕರೆದು ಬಾಗಿಲು ಮುಚ್ಚಿಕೊಂಡು ಹೇಳಿದಳು: ಮುಂದಿನ ಸರದಿ ನಿನ್ನದು, ನಿನ್ನದು ದಡ್ಡರ ತರಗತಿ, ಹಟ ಬಿಡು, ಮಕ್ಕಳಿಗೆ ಎಡಗೈ ಹೇಳಿಕೊಡು. ಇನ್‌ಶಿರಾಹ್ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದಳು. ಮೂರನೆಯ ದಿನ ಆ ಕುರ್ಚಿ ಕಣ್ಣ ಮುಂದೆ ಬಂತು. ಆಕೆಗೆ ನಿಜವಾಗಿಯೂ ಭಯವಾಯಿತು.

ಸೋಮವಾರ ಅಭ್ಯಾಸ ಮಾಡಿಸಿದಳು. ಹೇಳುವಾಗ ನಾಚಿಕೆಯಿಂದ ಹಲಗೆಯ ಕಡೆ ತಿರುಗಿ ಹೇಳಿದಳು. ಹುಡುಗಿಯರಿಗೆ ಅದೇನು ಹೊಸದೇ? ಉಳಿದ ಎಲ್ಲಾ ವಿಷಯಗಳಲ್ಲೂ ಅವರು ಅದರಲ್ಲಿ ಪಳಗಿದವರೇ. ದಿನವೂ ಗಂಟಲು ಹರಿಯುವಂತೆ ಕೂಗುವ ಪಾಠದಿಂದಲೇ ಸುಲಭವಾದ ಪ್ರಶ್ನೆ ತೆಗೆದಳು: 'ಗಾನ್' ಹಾಕಿ ಒಂದು ವಾಕ್ಯ ಮಾಡುವವರು ಯಾರು? ಅಲ್ಲಿಯವರೆಗೆ ಕೈ ಎತ್ತುತ್ತಿದ್ದವರು ಆರೇ ಹುಡುಗಿಯರು, ಉಳಿದವರು ಸಂಕೋಚದವರು ಎಂದು ಆಕೆ ಮೂವತ್ತೊಂದು ವರ್ಷ ಅಂದುಕೊಂಡಿದ್ದಳು. ಅವತ್ತು ಐವತ್ತೆರಡು ಕೈಗಳೂ ಮೇಲೆದ್ದವು. ಆಕೆ ಎಣಿಸಿದಳು. ತಪ್ಪಿತೇನೋ ಎಂದು ಮತ್ತೆ ಎಣಿಸಿದಳು. ಇಪ್ಪತ್ತೊಂಬತ್ತು ಎಡಗೈಗಳು.

ಇನ್ಸ್‌ಪೆಕ್ಟರಿಗೆ ಸುಳ್ಳು ಹೇಳಲೆಂದು ಕಲಿಸಿದ ಎಡಗೈ ಆಕೆಗೆ ಮೊದಲ ಸಲ ನಿಜ ಹೇಳಿತ್ತು. ಅಷ್ಟು ಜೋರಾಗಿ ಕೂಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ತಾವು ಕೂಗುವುದೇನೆಂದೇ ಗೊತ್ತಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಮರ್ತಾಳ ಅಂಗಡಿಯ ಮುಂದೆ ನಿಂತಳು. ಗೇಟಿನೆದುರು ತಾಮಿಯ ಎಂಬ ಕಾಳಿನ ವಡೆ ಕರಿಯುವ ಮರ್ತಾ ಇಪ್ಪತ್ತು ವರ್ಷದ ಹಿಂದೆ ಆಕೆಯದೇ ವಿದ್ಯಾರ್ಥಿನಿ. ಸುಮ್ಮನೆ ಕೇಳಿದ ಹಾಗೆ ಕೇಳಿದಳು, ನನ್ನ ಪಾಠ ನಿನಗೆ ತಿಳೀತಿತ್ತಾ ಎಂದು. ಮರ್ತಾ ಜಾಲರಿ ಸೌಟು ಹಿಡಿದುಕೊಂಡೇ ನಕ್ಕುಬಿಟ್ಟಳು.

"ಅಯ್ಯೋ ಮಿಸ್, ಈಗ ಹೇಳಿದ್ರೆ ಬೆತ್ತ ತಗೋಬೇಡಿ. ಒಂದಕ್ಷರಾನೂ ತಿಳೀತಿರಲಿಲ್ಲ. ಆದ್ರೆ ಕೂಗೋದ್ರಲ್ಲಿ ನನ್ನ ಮೀರಿಸೋರು ಇರಲಿಲ್ಲ ನೋಡಿ."

"ತಿಳೀಲಿಲ್ಲ ಅಂತ ಹೇಳಬಾರದಿತ್ತೇನೆ?"

"ನೀವು ಯಾವತ್ತು ಕೇಳಿದ್ರಿ?"

ತಮಾಷೆಗೇ ಅಂದಿದ್ದಳು ಪಾಪ, ಬಿಸಿಬಿಸಿ ವಡೆ ಎರಡು ಹೆಚ್ಚಿಗೇ ಕಟ್ಟಿಕೊಟ್ಟಳು. ಇನ್‌ಶಿರಾಹಳಿಗೆ ಪೊಟ್ಟಣ ಬಿಚ್ಚುವುದೇ ಮರೆತುಹೋಯಿತು. ಮೂವತ್ತೊಂದು ವರ್ಷದಲ್ಲಿ ತನ್ನ ಪಾಠ ಕೇಳಿ ಹೋದ ಹುಡುಗಿಯರನ್ನು ಮನಸ್ಸಿನಲ್ಲೇ ಎಣಿಸಲು ಹೋಗಿ ಸಾಕಾಗಿ ಬಿಟ್ಟಳು.

ಬುಧವಾರ ಎರಡನೆಯ ಪೀರಿಯಡ್ಡಿಗೆ ರಮ್ಜಿ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಬಾಗಿಲ ಬಳಿ ಹಜ್ಜಾ ತಹಾನಿ ಜಪಮಾಲೆ ತಿರುಗಿಸುತ್ತ ನಿಂತಳು. ಇನ್‌ಶಿರಾಹ್ ಅದೇ ಪ್ರಶ್ನೆ ಕೇಳಿದಳು. ಐವತ್ತೆರಡು ಕೈಗಳು ಎದ್ದವು, ನೋಡಲು ಎಷ್ಟು ಚೆಂದ. ಮೊದಲ ಸಾಲಿನ ಜಾಣೆಯನ್ನು ಎಬ್ಬಿಸಿದ್ದರೆ ಮುಗಿದೇ ಹೋಗುತ್ತಿತ್ತು.

"ಇವತ್ತು ಎಡಗೈ ಎತ್ತಿದವರನ್ನೇ ಕೇಳ್ತೀನಿ," ಎಂದಳು. "ಬೇಡ ಅನ್ನೋರು ಇಳಿಸಬಹುದು, ಬಯ್ಯಲ್ಲ."

ಹಜ್ಜಾ ತಹಾನಿಯ ಜಪಮಾಲೆ ನಿಂತಿತು. ಎಡಗೈಗಳೆಲ್ಲ ಪಟಪಟನೆ ಇಳಿದವು. ಒಂದು ಮಾತ್ರ ಉಳಿಯಿತು. ಅದು ಮೂರನೆಯ ಸಾಲಿನ ವಿಸಾಮ್ ಎಂಬ ಹುಡುಗಿಯದು. ವರ್ಷದಲ್ಲಿ ನಾಲ್ಕು ಮಾತು ಆಡಿದ್ದರೆ ಹೆಚ್ಚು. ಅರ್ಧ ಎತ್ತಿದ ಕೈಯನ್ನು ಇಳಿಸುವುದೋ ಬಿಡುವುದೋ ತಿಳಿಯದೆ ಕೂತಿದ್ದಳು.

ಇನ್‌ಶಿರಾಹ್ ಹಲಗೆ ಬಿಟ್ಟು ಆ ಬೆಂಚಿನ ಪಕ್ಕ ಬಂದು ಕೂತಳು. ಕೋಷ್ಟಕದ ಸುದ್ದಿಯೇ ಎತ್ತಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಯಾರ್ಯಾರಿದ್ದರು ಎಂದು ಅರಬಿಯಲ್ಲಿ ಕೇಳಿದಳು. ಅಮ್ಮ, ಅಜ್ಜಿ, ತಮ್ಮ ಎಂದಳು ಹುಡುಗಿ. ಅಪ್ಪ? ಲಿಬಿಯಾದಲ್ಲಿ ಗಾರೆ ಕೆಲಸಕ್ಕೆ. ಅಲ್ಲಿಂದ ಶುರುವಾಯಿತು. ಹೋಗಿ ಬಂದವರಿಗೆ ಯಾವ ಪದ, ಹೋದವರು ಇನ್ನೂ ಅಲ್ಲೇ ಇದ್ದರೆ ಯಾವ ಪದ, ಯಾಕೆ ಎಂದು ಒಂದೊಂದೇ ಬಿಡಿಸಿ ಹೇಳಿದಳು. ಹುಡುಗಿ ತಪ್ಪಿದಳು. ಆಕೆ ತಿದ್ದದೆ ಕಾದಳು. ಹುಡುಗಿ ಮತ್ತೆ ತಪ್ಪಿದಳು. ಇಪ್ಪತ್ತು ನಿಮಿಷ ಕಳೆಯಿತು, ಇಪ್ಪತ್ತೈದಾಯಿತು, ರಮ್ಜಿ ಎರಡು ಸಲ ಗಡಿಯಾರ ನೋಡಿದರು. ಉಳಿದ ಎಡಗೈಯವರೆಲ್ಲ ಕತ್ತು ಚಾಚಿ ಕೇಳುತ್ತಿದ್ದರು. ಕೊನೆಗೆ ವಿಸಾಮ್ ಮೇಜಿನ ಮೇಲೆ ಬೆರಳೂರಿ, ನಿಧಾನವಾಗಿ, ಇಂಗ್ಲಿಷಿನಲ್ಲೇ ಹೇಳಿದಳು:

"ನಮ್ಮಪ್ಪ ಲಿಬಿಯಾಕ್ಕೆ ಹೋಗಿದ್ದಾರೆ. ಇನ್ನೂ ಬಂದಿಲ್ಲ."

ಯಾರೂ ಅದನ್ನು ಮೂರು ಸಲ ಕೂಗಲಿಲ್ಲ. ಇನ್‌ಶಿರಾಹಳ ಕಣ್ಣು ತುಂಬಿ ಬಂತು. ಆ ಭಾಷೆಯಲ್ಲಿ ಆಕೆ ಹೇಳಿಸಿದ್ದಕ್ಕೆ ಲೆಕ್ಕವಿಲ್ಲ, ಆದರೆ ಒಂದು ಮಗು ತನ್ನ ಮನೆಯ ಸುದ್ದಿಯನ್ನು ಆ ಭಾಷೆಯಲ್ಲಿ ಆಕೆಗೆ ತಿಳಿಸಿದ್ದು ಅದೇ ಮೊದಲು.

"ಎಷ್ಟು ದಿನ ಆಯ್ತಮ್ಮಾ?" ಎಂದು ಇಂಗ್ಲಿಷಿನಲ್ಲೇ ಕೇಳಿದಳು.

"ಎರಡು ವರ್ಷ, ಮಿಸ್."

ಹೆಡ್‌ಮಿಸ್ಸಿನ ಕೋಣೆಯಲ್ಲಿ ರಮ್ಜಿ ನಮೂನೆ ತುಂಬಿದರು. ಹನ್ನೆರಡು ಪದಗಳಲ್ಲಿ ಆಗಿದ್ದು ಎರಡು, ಕೋಷ್ಟಕ ಬರೆದಿಲ್ಲ, ಒಬ್ಬಳೇ ವಿದ್ಯಾರ್ಥಿನಿ ಪಾಲ್ಗೊಂಡಿದ್ದಾಳೆ. ದರ್ಜೆ ಸಾಧಾರಣ. ಕೆಟ್ಟ ಮನುಷ್ಯರೇನಲ್ಲ, ಬರೆದ ಮೇಲೆ ಪೆನ್ನಿನ ಮುಚ್ಚಳ ಹಾಕಲು ಎಷ್ಟೋ ಹೊತ್ತು ತೆಗೆದುಕೊಂಡರು.

"ನನ್ನ ಮನಸ್ಸಿಗೂ ತಟ್ತು, ಮಿಸ್," ಎಂದರು. "ಆದ್ರೆ ಇದ್ರಲ್ಲಿ ಅದಕ್ಕೊಂದು ಕಾಲಮ್ಮೇ ಇಲ್ಲ."

ಅವರು ಟೀ ಮುಟ್ಟದೆ ಹೋದರು. ಹಜ್ಜಾ ತಹಾನಿ ತಲೆ ಚಚ್ಚಿಕೊಂಡಳು. ಕೈಗೆ ಬಂದದ್ದನ್ನು ಚೆಲ್ಲಿಕೊಂಡೆಯಲ್ಲೇ, ಹಟಮಾರಿ, ಅರ್ಧವರ್ಷದ ರಜೆ ಮುಗಿಯುತ್ತಲೇ ನಿನ್ನ ಗತಿ ಗ್ರಂಥಾಲಯ, ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಬಯ್ದಳು. ಬಯ್ಯುತ್ತಲೇ ಅತ್ತಳು ಕೂಡ. ಇನ್‌ಶಿರಾಹ್ ವರದಿಗೆ ಸಹಿ ಹಾಕಿದಳು.

"ರಜಕ್ಕೆ ಎಷ್ಟು ವಾರ ಇದೆ, ಹಜ್ಜಾ?"

"ಏಳು. ಯಾಕೆ?"

ಆಕೆ ಗೋಡೆಗೆ ತೂಗುಹಾಕಿದ್ದ ವೇಳಾಪಟ್ಟಿ ನೋಡಿದಳು. ಆ ತರಗತಿಗೆ ವಾರಕ್ಕೆ ಐದು ಪೀರಿಯಡ್ಡು.

"ಎಡಗೈಯವರು ಇನ್ನೂ ಇಪ್ಪತ್ತೆಂಟು ಜನ ಇದ್ದಾರೆ," ಎಂದಳು. "ದಿನಕ್ಕೊಬ್ಬಳು ಅಂದ್ರೂ ಮುಗಿಸ್ತೀನಿ."