ಕೂಗಿಲ್ಲದ ಬತ್ತಿ

ಶಹಾಬಾದಿನಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ. ಈಚೆಗೆ ಒಂದು ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಹೋಯಿತು. ಅಡಿಗೆಮನೆಯಿಂದ ಸೊಸೆ, "ಮಾಮಾ, ಬತ್ತಿ ಹಚ್ಚ್ರಿ, ನನ್ನ ಕೈ ಹಿಟ್ಟಾಗವ" ಎಂದಳು. ನಾನು ಕಡ್ಡಿ ಗೀರಿ ಹಿಡಿದುಕೊಂಡು ನಿಂತೆ. ಅದು ಬೆರಳಿನ ತನಕ ಉರಿದು ಆರಿತು. ಆ ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆ ಇನ್ನೊಂದು ಕಡ್ಡಿಗೆ ಕೈ ಹೋಗಲಿಲ್ಲ. ಸೊಸೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನೋಡಿದಳು. "ತಲಿ ಎಲ್ಲಾ ಬೆಳ್ಳಗಾಗ್ಯಾದ, ಇನ್ನಾ ಕಡ್ಡಿಪೆಟ್ಟಿಗಿಗಿ ಅಂಜ್ತೀರಿ" ಎಂದು ನಕ್ಕಳು. ನಮ್ಮ ಮನೆಯಲ್ಲಿ ಇದು ಹಳೆಯ ತಮಾಷೆ. ಎಲ್ಲರ ಜೊತೆ ನಾನೂ ನಗುತ್ತ ಬಂದಿದ್ದೇನೆ. ನಿಮಗೆ ಮಾತ್ರ ನಗದೆ ಹೇಳುತ್ತೇನೆ.

ಬತ್ತಿ ಎಂದರೆ ನಿಮಗೆ ದೀಪದ ಬತ್ತಿ. ಖಣಿಯಲ್ಲಿ ಕಲ್ಲು ಒಡೆಯುವವರಿಗೆ ಅದು ಇನ್ನೊಂದು. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಹೊರಗೆ ಬಾಲದಂತೆ ಬಿಡುವ ದಾರವೂ ಬತ್ತಿಯೇ. ಮನೆಯ ನೆಲಕ್ಕೆ ಹಾಸುವ ನಮ್ಮ ಪರಸಿ ಕಲ್ಲಿಗೆ ಮದ್ದು ಹಾಕುವುದಿಲ್ಲ, ಹಾಸು ಒಡೆದುಹೋಗುತ್ತದೆ. ಆದರೆ ಸುಣ್ಣದ ಭಟ್ಟಿಗೆ ಕಲ್ಲು ತೆಗೆಯುವ ಖಣಿಯಲ್ಲಿ ಹಾಕುತ್ತಿದ್ದರು. ಬತ್ತಿಗೆ ಬೆಂಕಿ ತಾಗಿಸುವ ಮುಂಚೆ ಒಬ್ಬ ಎತ್ತರದಲ್ಲಿ ನಿಂತು "ಬತ್ತೀ... ಬತ್ತೀ..." ಎಂದು ಉದ್ದಕ್ಕೆ ಎಳೆದು ಕೂಗಬೇಕು. ಆ ಕೂಗು ಕೇಳಿದರೆ ದನ ಕಾಯುವವರು, ಬುತ್ತಿ ತರುವವರು, ದಾರಿಹೋಕರು ಎಲ್ಲರೂ ಇದ್ದಲ್ಲೇ ನಿಲ್ಲುತ್ತಿದ್ದರು. ಯಾರೂ ಗಡಿಯಾರ ನೋಡುತ್ತಿರಲಿಲ್ಲ, ಬಾವುಟ ನೋಡುತ್ತಿರಲಿಲ್ಲ. ಕೂಗು ಇಲ್ಲವೆಂದರೆ ದಾರಿ ಇದೆ ಎಂದೇ ಅರ್ಥ.

ಭಂಕೂರದ ಹತ್ತಿರ ನನ್ನ ಅಕ್ಕನ ಗಂಡನ ಅಂಥದೊಂದು ಖಣಿ ಇತ್ತು. ನಾನು ಅಲ್ಲಿ ಲೆಕ್ಕ ಬರೆಯುವ ಮುನೀಮ. ಮ್ಯಾಟ್ರಿಕ್ಕನ್ನು ಹೇಗೋ ದಾಟಿದವನು. ಆದರೆ ನನ್ನ ತಂದೆ ವಾಡಿ ಜಂಕ್ಷನ್ನಿನಲ್ಲಿ ರೈಲು ಗಾರ್ಡುಗಳ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದರು. ಅಲ್ಲಿನ ಹಳೆಯ ಆಂಗ್ಲೋ-ಇಂಡಿಯನ್ ಗಾರ್ಡುಗಳ ಬೈಗುಳ ಕೇಳಿ ಕೇಳಿ ನನಗೆ ಇಂಗ್ಲಿಷ್ ಬಂದಿತ್ತು. ಬಂದಿತ್ತು ಎಂದು ನಾನು ತಿಳಿದಿದ್ದೆ. ಸೇಡಂನಿಂದ ಚಿತ್ತಾಪುರದ ತನಕ ನನ್ನಂಥ ಇಂಗ್ಲಿಷ್ ಯಾರಿಗೂ ಇಲ್ಲವೆಂಬ ಜಂಬ ನನ್ನ ಕೋಟಿನ ಗುಂಡಿಯಲ್ಲೂ ಇತ್ತು.

ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಆಸ್ಟ್ರೇಲಿಯಾದಿಂದ ಒಬ್ಬ ಸಂಗೀತದ ಪ್ರೊಫೆಸರರು ಈ ಕಡೆ ಬಂದರು. ಚಿತ್ತಾಪುರದ ತಪಾಸಣಾ ಬಂಗಲೆಯಲ್ಲಿ ಇಳಿದು, ಇಂಗ್ಲಿಷ್ ಬಲ್ಲವರು ಬೇಕು ಎಂದಾಗ ಜನ ನನ್ನನ್ನೇ ತೋರಿಸಿದರು. ಉದ್ದಕ್ಕೆ ಬಾಗಿದ ಮನುಷ್ಯ, ಬಿಸಿಲಿಗೆ ಕೆಂಪಾದ ಮೂಗು, ಹೆಗಲಿಗೆ ಒಂದು ಟೇಪು ಯಂತ್ರ. ಅವರು ಹಾಡು ಕಟ್ಟುವವರು, ಆದರೆ ಹಾಡುವವರಲ್ಲ. ಕಾಗದದ ಮೇಲೆ ಗೆರೆ ಎಳೆದು ಕಪ್ಪು ಚುಕ್ಕೆ ಇಡುವರು. ಅದನ್ನು ನೋಡಿ ಬೇರೆಯವರು ನುಡಿಸಬೇಕು. ಇದನ್ನು ನಾನು ಖಣಿಯಲ್ಲಿ ವಿವರಿಸಿದಾಗ ಬತ್ತಿ ಕೂಗುವ ಮೌಲಾಸಾಬ ಬಹಳ ಹೊತ್ತು ಯೋಚಿಸಿದ.

"ತಾ ಹಾಡಂಗಿಲ್ಲ, ತಾ ಬಾರಸಂಗಿಲ್ಲ. ಹಂಗಾದ್ರ ಇವರೂ ನಿಮ್ಮಂಗ ಮುನೀಮರೇ ಏನ್ರಿ?"

ನಾನು ಅದನ್ನು ಸಾಹೇಬರಿಗೆ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕು, ತಮ್ಮ ವಿಶ್ವವಿದ್ಯಾಲಯದಲ್ಲಿ ಇಷ್ಟು ಸರಿಯಾಗಿ ಯಾರೂ ತಮ್ಮನ್ನು ಅಳೆದಿಲ್ಲ ಎಂದರು.

ಜೀಪಿನಲ್ಲಿ ಹೋಗುವಾಗ ತಮ್ಮ ಬದುಕನ್ನು ಸ್ವಲ್ಪ ಸ್ವಲ್ಪವೇ ಹೇಳುತ್ತಿದ್ದರು. ಗೋಧಿ ಬೆಳೆಯುವ ಬಯಲಿನಲ್ಲಿ, ರೈಲು ಹಳಿಯ ಪಕ್ಕದ ಸಣ್ಣ ಊರಿನಲ್ಲಿ ಹುಟ್ಟಿದವರು. ತಾಯಿ ಚರ್ಚಿನಲ್ಲಿ ವಾದ್ಯ ನುಡಿಸುತ್ತಿದ್ದರಂತೆ. ಹುಡುಗ ಅದರ ಕೆಳಗೆ ಕೂತು ತುಳಿಯುವ ಪೆಡಲಿನ ಸದ್ದು ಕೇಳುತ್ತಿದ್ದನಂತೆ. ದೊಡ್ಡ ನಗರದಲ್ಲಿ ಓದಿ, ಇಂಗ್ಲೆಂಡಿಗೆ ಹೋಗಿ ಕಲಿತು, ಬಂದು ಮೇಷ್ಟರಾದರು. ಅಲ್ಲಿ ಅವರ ಕೃತಿಗಳನ್ನು ಯುರೋಪಿನ ನೆರಳು ಎಂದು ಹಳಿದರು. ಹೆಂಡತಿ ಬಿಟ್ಟುಹೋದಳು. ಆಮೇಲೆ ಕೆಲವು ವರ್ಷ ಒಂದು ಚುಕ್ಕೆಯನ್ನೂ ಇಡಲಾಗಲಿಲ್ಲ. ದಿನವೂ ಬೇರೆಯವರ ಮಕ್ಕಳಿಗೆ ಹಾಡು ಕಟ್ಟುವುದನ್ನು ಕಲಿಸಿ, ಮನೆಗೆ ಬಂದು ಖಾಲಿ ಕಾಗದದ ಮುಂದೆ ಕೂಡುವುದು. "ನಾನು ಒಣಗಿದ ಬಾವಿಯ ಪಕ್ಕ ನೀರಿನ ಬಗ್ಗೆ ಪಾಠ ಹೇಳುವವನು" ಎಂದರು. ಕಲ್ಲಿನ ಸದ್ದು ಕೇಳಲು ಬಂದದ್ದು ಅದಕ್ಕೇ.

ಉಳಿ, ಸುತ್ತಿಗೆ, ವಾಡಿಯ ಗೂಡ್ಸ್ ಗಾಡಿ, ಎಲ್ಲವನ್ನೂ ಟೇಪಿಗೆ ತುಂಬಿಕೊಂಡರು. ಸಿಡಿತದ ಸದ್ದು ಮಾತ್ರ ಅವರ ಮನಸ್ಸಿಗೆ ಬರಲಿಲ್ಲ. ಪ್ರತಿ ಸಲವೂ ಅದಕ್ಕೆ ಮುಂಚಿನ ಮೌಲಾನ ಕೂಗು ಅಂಟಿಕೊಂಡಿರುತ್ತಿತ್ತು. "ಒಂದು ಸಲ ಮನುಷ್ಯರ ದನಿ ಇಲ್ಲದೆ ಸಿಗಬಹುದೇ?" ಎಂದು ಕೇಳಿದರು. ಕೇಳಿದರು ಅಷ್ಟೆ. ಕೂಗು ಯಾತಕ್ಕೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಸುಗ್ಗಿಯ ಕೇಕೆಯಂತೆ ಏನೋ ಸಂಪ್ರದಾಯವೆಂದು ತಿಳಿದಿದ್ದರು. ನನಗೆ ಗೊತ್ತಿತ್ತು. ಆಗುವುದಿಲ್ಲ ಎಂಬ ಒಂದು ಮಾತು ನನ್ನ ಅಷ್ಟೆಲ್ಲ ಇಂಗ್ಲಿಷಿನಲ್ಲಿ ಆ ಹೊತ್ತು ಸಿಗಲಿಲ್ಲ.

"ಮೌಲಾ, ಇವತ್ತ ಒಂದ ಸಲ ಕೂಗಬ್ಯಾಡ."

"ಕೂಗಲಿಲ್ಲಂದ್ರ ಹ್ಯಾಂಗ್ರಿ ಮುನೀಮರ? ಮಂದಿಗಿ ತಿಳೀಬೇಕಲ್ರಿ."

"ಸಾಹೇಬಗ ಆವಾಜ್ ಚೊಕ್ಕ ಬೇಕಾಗ್ಯಾದ. ಆಜೂಬಾಜೂ ಇದ್ದೋರಿಗಿ ಬಾಯಿಲೆ ಹೇಳಿ ಬಾ, ಮುಗೀತು."

ಅವನು ನನ್ನ ಮುಖವನ್ನೇ ನೋಡಿದ. "ನೀವ ಹೇಳೀರಿ ಮತ್ತ" ಎಂದು ಹೋದ. ಕೆಲಸದವರಿಗೆಲ್ಲ ಹೇಳಿದ. ಊರ ಕಡೆಯ ಕಾಲುದಾರಿಯಲ್ಲಿ ಆಗ ಯಾರೂ ಇರಲಿಲ್ಲ.

ಸಾಹೇಬರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರು. ಕೆಲಸದವರು ಬತ್ತಿ ಹಚ್ಚಿದರು. ಎಂದೂ ಇಲ್ಲದ ಮೌನ, ಆಮೇಲೆ ಸಿಡಿತ. ಧೂಳು ಇಳಿಯುವ ಮೊದಲೇ ಅವರು ನನ್ನನ್ನು ಅಪ್ಪಿಕೊಂಡರು. ಅವರ ಹೆಗಲ ಮೇಲಿನಿಂದ ನಾನು ಮೌಲಾ ಓಡುತ್ತಿರುವುದನ್ನು ಕಂಡೆ. ಒಡೆದ ಬಂಡೆಯ ಕಡೆಗಲ್ಲ, ಕಾಲುದಾರಿಯ ಕಡೆಗೆ. ದಾರಿಯ ಮೇಲೆ ಬುತ್ತಿಯ ಬಿಳಿ ಬಟ್ಟೆ ಬಿಚ್ಚಿ ಬಿದ್ದಿತ್ತು. ನಾನು ಸಾಹೇಬರನ್ನು ಜೀಪಿನಲ್ಲಿ ಕೂಡಿಸಿ, ಬಾಗಿಲು ಹಾಕಿ, ಚಾಲಕನಿಗೆ ಚಿಂಚೋಳಿಯ ಕಡೆ ಬಿಡಲು ಹೇಳಿದೆ. ಅಲ್ಲಿನ ಕಾಡಿನ ಹಕ್ಕಿಗಳ ದನಿ ಭಾಳ ಚೆಂದ ಎಂದು ದಾರಿಯುದ್ದಕ್ಕೂ ಮಾತಾಡಿದೆ.

ಸತ್ತವಳು ಜ್ಯೋತಿ. ಖಣಿಯಲ್ಲಿ ಕಲ್ಲು ಹೊರುವ ಭೀಮಬಾಯಿಯ ಒಬ್ಬಳೇ ಮಗಳು. ಅವ್ವನಿಗೆ ಬುತ್ತಿ ತರುತ್ತಿದ್ದಳು.

ಮೌಲಾ ಕೂಗಲಿಲ್ಲ ಎಂದು ಊರೆಲ್ಲ ಹೇಳಿತು. ಅದು ಸುಳ್ಳಲ್ಲವಲ್ಲ. ಯಾರು ಬೇಡವೆಂದರು ಎಂಬುದು ಅವನಿಗೂ ನನಗೂ ಮಾತ್ರ ಗೊತ್ತಿತ್ತು. ನನ್ನ ಅಕ್ಕನ ಗಂಡ ಅವನನ್ನು ಅವತ್ತೇ ಕೆಲಸದಿಂದ ತೆಗೆದ. ಭೀಮಬಾಯಿ ಅವನ ಮನೆಯ ಮುಂದೆ ಮಣ್ಣು ತೂರಿ, ಅವನ ವಂಶ ಹಾಳಾಗಲಿ ಎಂದು ಶಾಪ ಹಾಕಿದಳು. ನಾನು ಆ ಗುಂಪಿನಲ್ಲಿ ಕೋಟು ಹಾಕಿಕೊಂಡು ನಿಂತಿದ್ದೆ. ಮೌಲಾ ಒಂದು ಸಲ ನನ್ನ ಕಡೆ ನೋಡಿದ. ನಾನು ಚಪ್ಪಲಿಯ ಉಂಗುಟ ಸರಿಮಾಡಿಕೊಂಡೆ. ಸ್ವಲ್ಪ ದಿನಕ್ಕೆ ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತಾಂಡೂರಿನ ಕಡೆ ಹೋದ. ಅಲ್ಲೇ ತೀರಿಕೊಂಡನೆಂದು ಆಮೇಲೆ ಕೇಳಿದೆ.

ಖಣಿಯಲ್ಲಿ ಕೆಲಸ ಯಾಕೆ ನಿಂತಿದೆ ಎಂದು ಸಾಹೇಬರು ಕೇಳಿದ್ದಕ್ಕೆ ಹಬ್ಬ ಎಂದೆ. ಅವರನ್ನು ಭಂಕೂರದಿಂದ ದೂರ ಇಡಲು ನೋಡಿದೆ. ಆದರೆ ಹೊರಡುವ ಮುಂಚಿನ ದಿನ ಅವರು ತಾವೇ ನಡೆಯುತ್ತ ಹೋಗಿ, ಒಂದು ಮನೆಯೊಳಗಿನ ಹಾಡು ಕೇಳಿ ನಿಂತಿದ್ದರು. ನಾನು ಹಿಂದೆ ಓಡಿದೆ. ಭೀಮಬಾಯಿಯ ಮನೆ. ಅವಳು ನಮ್ಮನ್ನು ನೋಡಿ ಹಾಡು ನಿಲ್ಲಿಸಲಿಲ್ಲ. ಮುಗಿದ ಮೇಲೆ ಟೇಪಿನ ಕಡೆ ಕೈ ಮಾಡಿ, "ಇದರಾಗ ಹೋದದ್ದು ಅವರ ದೇಶದ ಮಂದಿ ಕೇಳ್ತಾರೇನ್ರಿ?" ಎಂದಳು.

"ಕೇಳ್ತಾರವ್ವ."

"ಹಂಗಾದ್ರ ಹೇಳ್ರಿ ಅವರಿಗಿ. ಇಲ್ಲಿ ಯಾರೂ ಕೇಳವಲ್ರು. ನನ್ನ ಮಗಳು ಹ್ಯಾಂಗ ಹೋದಳಂತ ಅಲ್ಲ್ಯಾದ್ರೂ ತಿಳೀಲಿ."

ಮತ್ತೆ ಹಾಡಿದಳು.

ಬತ್ತಿ ಹಚ್ಚ್ಯಾರ, ಯಾರೂ ಕೂಗಲಿಲ್ಲ,
ಕಲ್ಲ ಹಾಸಿಗಿ ಮ್ಯಾಲ ಜ್ಯೋತಿ ಮಲಗ್ಯಾಳ,
ಎಬ್ಬಿಸಿದರ ಏಳಲಿಲ್ಲ.

ಸಾಹೇಬರು ಅರ್ಥ ಕೇಳಿದರು. ನಾನು ಹೇಳಿದೆ. ದೀಪ ಹಚ್ಚಿದ್ದಾರೆ, ಯಾರೂ ಗದ್ದಲ ಮಾಡುತ್ತಿಲ್ಲ, ಕಲ್ಲಿನ ಹಾಸಿನ ಮೇಲೆ ಬೆಳಕು ಮಲಗಿದೆ, ಎಬ್ಬಿಸಿದರೂ ಏಳುವುದಿಲ್ಲ. ಇದು ಜೋಗುಳ ಎಂದೆ. ಕಲ್ಲಿನ ಮೇಲೆ ಯಾಕೆ ಎಂದರು. ನಮ್ಮ ಮನೆಗಳಲ್ಲಿ ನೆಲವೆಲ್ಲ ಪರಸಿಯೇ, ಬೇಸಿಗೆಯಲ್ಲಿ ಮಕ್ಕಳು ಅದರ ಮೇಲೇ ಮಲಗುತ್ತವೆ ಎಂದೆ. ಯಾಕೆ ಅಳುತ್ತಿದ್ದಾಳೆ ಎಂದರು. ನಮ್ಮ ಹೆಂಗಸರು ತವರು ನೆನೆದು ಜೋಗುಳದಲ್ಲೂ ಅಳುತ್ತಾರೆ ಎಂದೆ. ನೋಡಿ, ಹಾಡಿನ ಒಂದು ಶಬ್ದವನ್ನೂ ನಾನು ಬಿಡಲಿಲ್ಲ. ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಬಹುದಾದಷ್ಟು ಸರಿಯಾದ ಅರ್ಥ ಅದು. ಅದರೊಳಗೆ ಒಂದು ಹುಡುಗಿಯನ್ನು ಎರಡನೆಯ ಸಲ ಹೂಳಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸಾಹೇಬರು ಮತ್ತೆ ಬಂದರು. ಕೂದಲು ಉದುರಿತ್ತು. ಕೆಲಸದಿಂದ ನಿವೃತ್ತರಾಗಿದ್ದರು. ಇಲ್ಲಿಂದ ಹೋಗಿ ಕಟ್ಟಿದ ಕೃತಿ ಅವರ ಬಾವಿಗೆ ನೀರು ತಂದಿತ್ತು. ದೊಡ್ಡ ದೊಡ್ಡ ಸಭಾಗೃಹಗಳಲ್ಲಿ ಅದನ್ನು ನುಡಿಸಿದ್ದರಂತೆ, ಮನ್ನಣೆಗಳು ಬಂದವಂತೆ. ವಿದ್ಯಾರ್ಥಿಗಳಿಗೆ ಅದೇ ಪಾಠವಂತೆ. "ಎಲ್ಲರೂ ಕೇಳುವುದು ಸಿಡಿತದ ಮುಂಚಿನ ಮೌನದ ಬಗ್ಗೆ. ಅಂಥ ಮೌನವನ್ನು ಹೇಗೆ ಬರೆದಿರಿ ಎನ್ನುತ್ತಾರೆ. ನಾನು ಬರೆಯಲಿಲ್ಲ, ಭಂಕೂರದಲ್ಲಿ ಸಿಕ್ಕಿತು ಎನ್ನುತ್ತೇನೆ" ಎಂದರು. ಆ ಮೌನ ಮೌಲಾಸಾಬನ ಬಾಯಿ. ಅದನ್ನು ನಾನು ಮುಚ್ಚಿದ್ದೆ.

ಆ ಜೋಗುಳ ಹಾಡಿದ ತಾಯಿಗೆ ಅದನ್ನು ಕೇಳಿಸಬೇಕೆಂದೇ ಅವರು ಬಂದದ್ದು. ಭೀಮಬಾಯಿ ಮುದುಕಿಯಾಗಿದ್ದಳು. ಸಣ್ಣ ಯಂತ್ರವನ್ನು ಅವಳ ಹೊಸ್ತಿಲ ಮೇಲೆ ಇಟ್ಟು ಹಚ್ಚಿದರು. ಮೌನ, ಸಿಡಿತ. ಅವಳು ಗೋಡೆಗೆ ಆತುಕೊಂಡು ನನ್ನನ್ನು ನೋಡಿದಳು. "ಇದು ಅವತ್ತಿಂದು" ಎಂದಳು. ಕೇಳಿದ್ದಲ್ಲ, ಹೇಳಿದ್ದು. ಆಮೇಲೆ ಅವಳದೇ ದನಿ ಬಂತು, ಅದರ ಹಿಂದೆ ನೂರಾರು ಗಂಡಸರು ಹೆಂಗಸರು ಸೇರಿ, ನಾಲಿಗೆ ತಿರುಗದೆ, "ಜೋಟಿ, ಜೋಟಿ" ಎಂದು ಎಳೆದರು.

"ನನ್ನ ಮಗಳನ್ನ ಕರೀಲಿಕತ್ತಾರ" ಎಂದಳು. ಹಾಡು ಮುಗಿದ ಮೇಲೆ, "ಇವರಿಗೆಲ್ಲ ಗೊತ್ತದೇನ್ರಿ ಮುನೀಮರ?"

ಸಾಹೇಬರು ನನ್ನ ಮುಖ ನೋಡುತ್ತಿದ್ದರು. ಅವಳೂ ನೋಡುತ್ತಿದ್ದಳು. ಇಬ್ಬರ ನಡುವೆ ಒಬ್ಬನೇ ನಾನು.

"ಗೊತ್ತದವ್ವ. ಎಲ್ಲಾ ಹೇಳೀನಿ" ಎಂದೆ.

ಅವಳು ಬಾಗಿ ಸಾಹೇಬರ ಕಾಲು ಮುಟ್ಟಿದಳು. ಏನೆಂದಳು ಎಂದು ಅವರು ಕೇಳಿದರು. ಮಗುವಿನ ಹಾಡು ಅಷ್ಟು ದೂರ ಹೋಯಿತಲ್ಲ ಎಂದು ಸಂತೋಷವಾಗಿದೆಯಂತೆ ಎಂದೆ. ಅವರು ಕಣ್ಣು ಒರೆಸಿಕೊಂಡರು.

ಕೆಲವು ವರ್ಷಗಳ ಮೇಲೆ ಅವರ ಶಿಷ್ಯೆಯೊಬ್ಬಳು ಫೋನು ಮಾಡಿ, ಸಾಹೇಬರು ಹೋದರು, ಮಣ್ಣು ಮಾಡುವಾಗ ಆ ಜೋಗುಳವನ್ನೇ ಹಾಡಿದೆವು ಎಂದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಸತ್ತವರ ಕೀರ್ತಿಗೆ ಯಾಕೆ ಕಲ್ಲು ಹೊಡೆಯಲಿ ಎಂದುಕೊಂಡೆ. ನನ್ನ ಹೆದರಿಕೆಗೆ ಇಂಥ ಒಳ್ಳೆಯ ಅಂಗಿ ತೊಡಿಸುವುದರಲ್ಲಿ ನಾನು ಮೊದಲಿನಿಂದಲೂ ಜಾಣ.

ಮೊದಲು ಹೇಳಿದ ಆ ಸಂಜೆಯ ಮರುದಿನ ನಾನು ಭಂಕೂರಕ್ಕೆ ಹೋದೆ. ಭೀಮಬಾಯಿಗೆ ಈಗ ಕಣ್ಣು ಕಾಣುವುದಿಲ್ಲ. ದನಿಯಿಂದ ಗುರುತಿಸಿ, "ಕುಂದ್ರಿ" ಎಂದಳು. ಕೂಡಲಿಲ್ಲ. ನಿಂತೇ ಎಲ್ಲ ಹೇಳಿದೆ, ಇಲ್ಲಿ ಬರೆದ ಕ್ರಮದಲ್ಲೇ. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಕಾದೆ. ಅವಳು ನೆಲದ ಪರಸಿಯ ಮೇಲೆ ಅಂಗೈ ಆಡಿಸುತ್ತಿದ್ದಳು.

"ಮೌಲಾನ್ನ ನಾ ಭಾಳ ಬೈದೀನ್ರಿ" ಎಂದಳು.

ಆಮೇಲೆ, "ಹಂಗಾದ್ರ ಆ ಮಂದಿಗಿ ಯಾರಿಗೂ ಗೊತ್ತಿಲ್ಲ."

"ಇಲ್ಲವ್ವ."

"ನಾ ಇಷ್ಟ ದಿನ ಗೊತ್ತದಂತ ಇದ್ದೆ. ಅಷ್ಟಾದ್ರೂ ಇತ್ತು ನನಗ." ಮುಖ ಗೋಡೆಯ ಕಡೆ ತಿರುಗಿಸಿದಳು. "ಬರೀಲಿಕ್ಕಿ ಬರ್ತದಲ್ಲ ನಿಮಗ. ಹೆಸರ ಹೆಸರಂಗ ಬರೀರಿ. ಅವಂದೂ ಬರೀರಿ. ಮತ್ತ ಇಲ್ಲಿಗಿ ಬರಬ್ಯಾಡ್ರಿ."

ಬರೆದಿದ್ದೇನೆ. ಜ್ಯೋತಿ ಎಂಬುದು ಭಂಕೂರದ ಒಂದು ಹುಡುಗಿಯ ಹೆಸರು. ಮೌಲಾಸಾಬ ಎಂಬವನು ಕೂಗಬೇಕು ಎಂದವನು.

ನಿನ್ನೆ ಸಂಜೆ ಮತ್ತೆ ಕರೆಂಟು ಹೋಯಿತು. ಕರೆಯುವ ಮುಂಚೆಯೇ ನಾನು ಎದ್ದು ಕಡ್ಡಿಪೆಟ್ಟಿಗೆ ತೆಗೆದುಕೊಂಡೆ. ದೇವರ ಮುಂದೆ ನಿಂತು, ಕಡ್ಡಿ ಗೀರುವ ಮೊದಲು, "ಬತ್ತೀ..." ಎಂದು ಕೂಗಿದೆ. ದನಿ ಒಡೆದು ಹೋಯಿತು. ಮತ್ತೆ ಕೂಗಿದೆ. ಸೊಸೆ ಗಾಬರಿಯಿಂದ ಓಡಿ ಬಂದಳು.

"ಏನಾಯ್ತ್ರಿ ಮಾಮಾ? ಯಾರಿಗಿ ಕೂಗ್ಲಿಕತ್ತೀರಿ? ಮನ್ಯಾಗ ನಾವಿಬ್ಬರೇ ಅದೀವಿ."

ಸ್ವಲ್ಪ ತಡಿಯವ್ವ, ದಾಟುವವರು ದಾಟಲಿ ಎಂದು ನಾನು ಕಡ್ಡಿ ಹಿಡಿದುಕೊಂಡು ಕತ್ತಲಲ್ಲಿ ನಿಂತೆ.